ಅಕ್ಕನ ಮೂವತ್ತೆರಡು

ನಮ್ಮೂರಿನ ಸುದ್ದಿ ಹೇಳುವ ಮುಂಚೆ ನನ್ನ ಕಿವಿಯ ಸುದ್ದಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾವುದೂ ನಿಮಗೆ ನಂಬಿಕೆಯಾಗುವುದಿಲ್ಲ. ಈ ಎಡಗಿವಿ ಇದೆಯಲ್ಲ, ಇದಕ್ಕೆ ಸಾಸಿವೆ ಮೊಳಕೆ ಒಡೆಯುವುದು ಕೇಳಿಸುತ್ತದೆ. ಬಲಗಿವಿ ಇನ್ನೂ ಸೂಕ್ಷ್ಮ. ಅದಕ್ಕೆ ಒಂದು ಹಿಡಿ ಹತ್ತಿ ತುರುಕಿಕೊಂಡೇ ನಾನು ಹಸೆಮಣೆ ಏರಿದ್ದು, ಇಲ್ಲದಿದ್ದರೆ ವಾಲಗದ ಸದ್ದಿಗೆ ಅಲ್ಲೇ ಪ್ರಾಣ ಬಿಡುತ್ತಿದ್ದೆ. ಒಮ್ಮೆ ಸರ್ಕಸ್ಸಿನವರ ಆನೆಯೊಂದು ಜೌಗಿನ ಆಚೆ ದಡದಲ್ಲಿ ಮಲಗಿತ್ತು. ನಾನು ಈಚೆ ದಡದಲ್ಲಿ ಕೂತೇ ಕೇಳಿ, ಅದಕ್ಕೆ ನಲವತ್ತೊಂದು ತುಂಬಿ ಮೂರು ತಿಂಗಳಾಗಿದೆ ಎಂದೆ. ಮಾವುತ ಲೆಕ್ಕ ಹಾಕಿ ನೋಡಿದರೆ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಆನೆ ನಾಚಿಕೊಂಡಿತು ಎಂದು ಕೆಲವರು ಹೇಳುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಹಾಗಾಗಿ ಹೇಳುವುದಿಲ್ಲ. ನಾನು ಅಂಥವನಲ್ಲ.

ನಾನು ಕೇಳುವುದು ಕಡಲೆಯನ್ನು. ಮೂಗಿನ ಬುಡದಿಂದ ನೇರ ಒಳಕ್ಕೆ ಹೋದರೆ, ಮಿದುಳಿನ ಅಡಿಯಲ್ಲಿ ಮೂಳೆಯ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಗ್ರಂಥಿ ಕೂತಿದೆ. ನೀವು ಎಷ್ಟು ಎತ್ತರ ಬೆಳೆಯಬೇಕು, ಎಷ್ಟು ಉಣ್ಣಬೇಕು, ಉಂಡದ್ದು ತೋಳಿಗೆ ಹೋಗಬೇಕೋ ಹೊಟ್ಟೆಗೆ ಹೋಗಬೇಕೋ, ಎಲ್ಲ ಅದರ ಅಪ್ಪಣೆ. ಆಚೆ ದಡದಿಂದ ಬಂದಿದ್ದ ಒಬ್ಬ ಡಾಕ್ಟರು ಅದಕ್ಕೆ ಪಿಟ್ಯುಟರಿ ಎಂಬ ಹೆಸರಿದೆ ಎಂದರು. ನಾವು ಆಗಲಿ ಎಂದು ಕೇಳಿಕೊಂಡು ಕಡಲೆ ಎಂದೇ ಕರೆಯುತ್ತ ಬಂದೆವು. ಬೇರೆ ಊರಿನವರ ತಲೆಯಲ್ಲಿ ಅದು ಸದ್ದಿಲ್ಲದೆ ದುಡಿಯುತ್ತದಂತೆ. ನಮ್ಮೂರಿನವರ ತಲೆಯಲ್ಲಿ ಅದು ಗುಂಯ್ಗುಡುತ್ತದೆ. ಮಕ್ಕಳದು ಹೊಸ ಬುಗುರಿಯ ಹಾಗೆ, ಮೀಸೆ ಮೂಡುವ ವಯಸ್ಸಿನವರದು ಹಿಟ್ಟಿನ ಗಿರಣಿಯ ಹಾಗೆ, ಮುದುಕರದು ಕಿಟಕಿಯಾಚೆಯ ಸೊಳ್ಳೆಯ ಹಾಗೆ.

ಆದ್ದರಿಂದ ನಮ್ಮಲ್ಲಿ ಹುಟ್ಟಿದ ದಿನವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕಡಲೆ ಎಷ್ಟು ಹೇಳುತ್ತದೋ ಅಷ್ಟೇ ವಯಸ್ಸು. ಕುಂಬಾರ ಬೂದಯ್ಯನ ಅಜ್ಜಿ ಬೂದಯ್ಯನಿಗಿಂತ ಆರು ವರ್ಷಕ್ಕೆ ಚಿಕ್ಕವಳು. ಬೆಳಿಗ್ಗೆ ಎದ್ದು ಅವನಿಗೆ ‘ಅಣ್ಣಾ, ಮಣ್ಣು ತುಳಿಯಾಕೆ ಬರ್ಲಾ’ ಎನ್ನುತ್ತಾಳೆ. ಅವನೂ ಬಾರಮ್ಮ ಎನ್ನುತ್ತಾನೆ, ಅದರಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ಊರಿನವರೆಲ್ಲ ಉಣ್ಣುವ ಗಂಜಿಮನೆಯಲ್ಲಿ ಮುದ್ದೆ ಬಡಿಸುವುದೂ ಈ ವಯಸ್ಸಿನ ಮೇಲೆಯೇ. ಇಪ್ಪತ್ತರ ಒಳಗಿನವರಿಗೆ ನಾಲ್ಕು, ಅರವತ್ತರವರೆಗೆ ಎರಡು, ಅರವತ್ತು ದಾಟಿದವರಿಗೆ ಅರ್ಧ ಮುದ್ದೆ, ಒಂದು ಲೋಟ ಮಜ್ಜಿಗೆ. ಸೊರಗಿದ ಕಡಲೆ ಹೆಚ್ಚು ಉರಿಸಲಾರದು, ಉರಿಯದೆ ಉಳಿದದ್ದು ಸೊಂಟಕ್ಕೆ ಕಟ್ಟಿಕೊಳ್ಳುತ್ತದೆ ಎಂಬುದು ಗಂಜಿಮನೆಯ ದ್ಯಾವಮ್ಮನ ಲೆಕ್ಕಾಚಾರ. ಅವಳ ಸೌಟು ತಪ್ಪಿದ್ದನ್ನು ನಾನು ಕಂಡಿಲ್ಲ.

ಮಳೆ ನಿಂತು ಆಚೆ ದಡದ ಮೊದಲ ಸಂತೆಗೆ ಹೋಗುವ ಮುಂಚೆ, ವರ್ಷಕ್ಕೊಮ್ಮೆ, ಊರಿನವರೆಲ್ಲ ಕೇಳುವ ಕಟ್ಟೆಗೆ ಬಂದು ಸಾಲಾಗಿ ನಿಲ್ಲುತ್ತಾರೆ. ಕಿವಿಗಾರನಾದ ನಾನು, ಗವಿಯಪ್ಪ, ಒಬ್ಬೊಬ್ಬರ ಹುಬ್ಬಿನ ನಡುವೆ ಕಿವಿ ಇಟ್ಟು ವಯಸ್ಸು ಕೂಗುತ್ತೇನೆ. ಒಂದು ಬೆಳಿಗ್ಗೆಗೆ ನಾಲ್ಕು ಸಾವಿರ ಜನರನ್ನು ಕೇಳಿ ಮುಗಿಸಿದ್ದೇನೆ. ಊರಿನಲ್ಲಿರುವುದು ಆರುನೂರೇ ಜನ ಎಂದು ಯಾರಾದರೂ ನಿಮಗೆ ಹೇಳಿದರೆ, ಅವರಿಗೆ ಎಣಿಸಲು ಬರುವುದಿಲ್ಲ ಎಂದು ತಿಳಿಯಿರಿ.

ಇನ್ನು ಜೌಗಿನ ವಿಷಯ. ನಮ್ಮೂರಿನ ಸುತ್ತ ಜೌಗು. ಅದರಲ್ಲಿ ನೀರಿಗಿಳಿದ ಎಮ್ಮೆಗಳ ಹಾಗೆ ನೂರಾರು ಕಲ್ಲುಗಳು ಬೆನ್ನು ತೋರಿಸಿಕೊಂಡು ನಿಂತಿವೆ. ನೀರಿನ ಅಡಿಯಲ್ಲಿ ಒಂದು ಮಾರು ಅಗಲದ ಗಟ್ಟಿನೆಲ ಅಂಕುಡೊಂಕಾಗಿ ಆಚೆ ದಡದವರೆಗೆ ಹೋಗಿದೆ. ಅದು ತಿರುಗುವ ಕಡೆಯಲ್ಲೆಲ್ಲ ಒಂದೊಂದು ಕಲ್ಲಿದೆ, ಒಟ್ಟು ಏಳು. ನೂರಾರರಲ್ಲಿ ಆ ಏಳು ಯಾವುವು ಎಂಬುದು ಒಬ್ಬಳ ತಲೆಯಲ್ಲಿ ಮಾತ್ರ ಇರುತ್ತದೆ. ಅವಳಿಗೆ ದಾರಿಯಮ್ಮ ಎನ್ನುತ್ತಾರೆ. ಬರೆದಿಡಬಾರದೇ ಎಂದು ಕೇಳಬೇಡಿ, ಬರೆದದ್ದನ್ನು ಓದಿಕೊಂಡು ಯಾರು ಬೇಕಾದರೂ ಒಳಗೆ ಬರಬಹುದಲ್ಲ. ಇನ್ನೆರಡು ಸಂಗತಿ ನೆನಪಿರಲಿ. ತುಳಿದ ದಾರಿ ಮಾರನೆಯ ಬೆಳಗಿನವರೆಗೆ ಅಂಬಲಿಯಾಗಿರುತ್ತದೆ, ಆದ್ದರಿಂದ ಹೊರಟವರು ಅರ್ಧಕ್ಕೆ ಹಿಂದಿರುಗುವಂತಿಲ್ಲ. ನಿಂತಲ್ಲೇ ನಿಂತರೂ ಕಾಲು ಮೆಲ್ಲಗೆ ಇಳಿಯುತ್ತದೆ, ಆದ್ದರಿಂದ ತಂಗುವಂತೆಯೂ ಇಲ್ಲ.

ದಾರಿಯಮ್ಮ ನನ್ನ ಅಕ್ಕ, ಹೊನ್ನಾಜಮ್ಮ. ನಮ್ಮವ್ವ ಸತ್ತಾಗ ನಾನು ಕೈಗೂಸು. ಆರು ವರ್ಷ ನನ್ನ ಕಾಲು ನೆಲಕ್ಕೆ ತಾಗದ ಹಾಗೆ ಹೆಗಲ ಮೇಲೆ ಹೊತ್ತು ಜೌಗು ದಾಟಿಸಿದವಳು ಅವಳು. ಅಕ್ಕ ಮುಂದೆ ನಡೆದರೆ ಕಪ್ಪೆಗಳು ದಾರಿ ಬಿಡುತ್ತಿದ್ದವು. ಗರ್ಭಿಣಿಯರನ್ನು ದಾಟಿಸಿದ್ದಾಳೆ, ಮದುವೆ ದಿಬ್ಬಣಗಳನ್ನು ದಾಟಿಸಿದ್ದಾಳೆ, ಒಮ್ಮೆ ಬೂದಯ್ಯನ ಸಾವಿರ ಮಡಕೆಗಳನ್ನು ಒಂದೂ ಒಡೆಯದೆ ದಾಟಿಸಿದ್ದಾಳೆ. ದಾರಿಯಮ್ಮನ ಕಡಲೆ ಅರವತ್ತು ಮುಟ್ಟಿದ ವರ್ಷ ಅವಳು ದಾರಿಯನ್ನು ಮುಂದಿನವಳಿಗೆ ಕೊಟ್ಟುಬಿಡಬೇಕು. ಒಂದು ವರ್ಷ ಜೊತೆಯಲ್ಲಿ ನಡೆದು ಕಲಿಸಬೇಕು, ಆಮೇಲೆ ಕಟ್ಟೆಯ ಮೇಲೆ ಕೂತು ಅರ್ಧ ಮುದ್ದೆ ಉಣ್ಣಬೇಕು. ಮರೆತ ಮೇಲೆ ಕಲಿಸುವುದಕ್ಕೇನಿರುತ್ತದೆ? ಮುಂದಿನವಳು ದ್ಯಾವಮ್ಮ ಎಂದು ಊರು ಆಗಲೇ ಗೊತ್ತುಮಾಡಿತ್ತು. ‘ಏನ್ ಗವಿಯಪ್ಪ, ನಿಮ್ಮಕ್ಕಂಗೆ ಯಾವಾಗ ಅರವತ್ತಾಗೋದು? ಅಷ್ಟ್ರಲ್ಲಿ ನಂಗೇ ಅರವತ್ತಾಗಿ ನನ್ ಸೌಟಲ್ಲಿ ನಾನೇ ಅರ್ಧ ಮುದ್ದೆ ಬಡಿಸ್ಕೋಬೇಕಾಯ್ತದೆ’ ಎಂದು ಅವಳು ನನ್ನನ್ನು ಕಂಡಾಗಲೆಲ್ಲ ಚುಚ್ಚುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಕೇಳುವ ಕಟ್ಟೆಯಲ್ಲಿ ಅಕ್ಕನ ಹುಬ್ಬಿನ ನಡುವೆ ಕಿವಿ ಇಟ್ಟೆ. ಮೊದಲು ಕೇಳಿಸಿದ್ದು ಭಾರಿ ಸದ್ದು. ಪಕ್ಕದಲ್ಲಿ ನಿಂತಿದ್ದ ಬೂದಯ್ಯನಿಗೂ ಕೇಳಿಸಿತು. ‘ಅಬ್ಬಬ್ಬ, ಮೈನೆರೆದ ಹುಡುಗಿ ಕಡಲೆ ಹಂಗೈತಲ್ಲ ಹೊನ್ನಾಜಕ್ಕಂದು’ ಎಂದ. ಕುಂಬಾರನ ಕಿವಿ, ಅಷ್ಟೇ ತಾನೆ. ಜೋರು ಸದ್ದೆಲ್ಲ ಯೌವನವಲ್ಲ. ಕಡಲೆ ಮೇಲಿನಿಂದ ಕರೆಯುತ್ತದೆ, ಕೆಳಗಿನಿಂದ ಮೈ ಓಗೊಡುತ್ತದೆ. ಒಂದು ವಯಸ್ಸಿನಲ್ಲಿ ಹೆಂಗಸಿನ ಮೈ ಓಗೊಡುವುದನ್ನು ನಿಲ್ಲಿಸುತ್ತದೆ. ಕೇಳಿಸಲಿಲ್ಲವೇನೋ ಎಂದು ಕಡಲೆ ದನಿ ಏರಿಸುತ್ತದೆ, ಆಮೇಲೆ ಇನ್ನೂ ಏರಿಸುತ್ತದೆ. ಆ ಕೂಗು ಮೂಳೆಗೆ ತಾಗುತ್ತದೆ, ಸೊಂಟಕ್ಕೆ ತಾಗುತ್ತದೆ, ಕೆಲವರಿಗೆ ನೆನಪಿನ ಬೇರಿಗೂ ತಾಗುತ್ತದೆ. ಕೂಗಿನ ಅಡಿಯಲ್ಲಿ ಇನ್ನೊಂದು ಸಣ್ಣ ದನಿ ಇರುತ್ತದೆ, ಮೈ ಬೆಳೆಸುವ, ಸವೆದದ್ದನ್ನು ರಿಪೇರಿ ಮಾಡುವ ದನಿ. ವಯಸ್ಸು ಇರುವುದು ಅದರಲ್ಲಿ. ಅದನ್ನು ಹಿಡಿಯಲು ನನ್ನಂಥ ಕಿವಿಯೇ ಬೇಕು. ಅಕ್ಕನದು ಸೊಳ್ಳೆಗಿಂತ ಸಣ್ಣಗಾಗಿತ್ತು. ಅರವತ್ತೊಂದು.

‘ಎಷ್ಟೋ ಗವಿ?’ ಎಂದು ಅಕ್ಕ ಕೇಳಿದಳು.

‘ಮೂವತ್ತೆರಡು’ ಎಂದೆ.

ಪ್ರೀತಿಯಿಂದ ಸುಳ್ಳು ಹೇಳಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ಅರ್ಧ ಅದೇ. ದಾರಿಯಿಲ್ಲದ ಅಕ್ಕ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತ ಕೂತಿರುವುದನ್ನು ನೆನೆದು ನನ್ನ ನಾಲಿಗೆ ಹಿಂದಕ್ಕೆ ಹೋಯಿತು. ಇನ್ನರ್ಧ ಹೇಳಲು ನಾಚಿಕೆ. ಹಿಂದಿನ ವಾರವಷ್ಟೇ ನಾನು ಬಾವಿಕಟ್ಟೆಯಲ್ಲಿ ಕೂತು, ನಮ್ಮ ವಂಶದ ಕಡಲೆ ಕಂಚಿನ ಎರಕ, ನೂರು ವರ್ಷದವರೆಗೆ ಮಾಸುವುದಿಲ್ಲ, ನಮ್ಮಜ್ಜಿ ತೊಂಬತ್ತನಾಲ್ಕರಲ್ಲಿ ಗಂಡು ಹುಡುಕುತ್ತಿದ್ದಳು ಎಂದು ಊರಿಗೆಲ್ಲ ಕೇಳುವಂತೆ ಕೊಚ್ಚಿಕೊಂಡಿದ್ದೆ. ಒಂದೇ ವಾರಕ್ಕೆ ಕಂಚು ಕರಗಿತು ಎನ್ನುವುದು ಹೇಗೆ?

ಮರುವರ್ಷವೂ ಮೂವತ್ತೆರಡು. ಅದರ ಮರುವರ್ಷವೂ ಮೂವತ್ತೆರಡು. ನಮ್ಮೂರಿನವರು ಕಿವಿಗಾರ ಹೇಳಿದ ವಯಸ್ಸನ್ನು ನಂಬುವಷ್ಟು ತಮ್ಮ ಕಣ್ಣನ್ನೂ ನಂಬುವುದಿಲ್ಲ. ಮೂವತ್ತೆರಡರವಳು ಮರೆಯುವುದುಂಟೇ? ಹಾಗಾಗಿ ಅಕ್ಕ ಮರೆತದ್ದನ್ನು ಯಾರೂ ಮರೆವು ಎನ್ನಲಿಲ್ಲ. ಅವಳು ಒಂದು ಮಂಗಳವಾರ ಇವತ್ತು ಸೋಮವಾರ ಎಂದಳು. ಊರು ಬೆರಳು ಮಡಿಸಿ ನೋಡಿ, ನಾವೇ ಎಲ್ಲೋ ಒಂದು ದಿನ ನುಂಗಿದ್ದೇವೆ ಎಂದು ಆ ವಾರ ಎರಡು ಸೋಮವಾರ ಮಾಡಿತು. ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಈ ಸಲದ ಉಪ್ಪು ಖಾರವಾಗಿದೆ ಎಂದರು. ಕುಂಬಾರಗೇರಿ ಹುಡುಕಿಕೊಂಡು ಹೋದವಳು ಬಾವಿಯ ಎಡಕ್ಕೆ ತಿರುಗಿ, ಇಲ್ಲಿದ್ದ ಬೂದಯ್ಯನ ಮನೆ ಏನಾಯಿತು ಎಂದು ಕೇಳಿದಳು. ಮನೆ ಯಾವತ್ತೂ ಇದ್ದದ್ದು ಬಲಕ್ಕೆ. ಬೂದಯ್ಯ ಮೂರು ದಿನ ತಲೆ ಕೆರೆದುಕೊಂಡು, ನಾಲ್ಕನೆಯ ದಿನ ಮಡಕೆ ಸುಡುವ ಆವಿಗೆ, ತಿಗರಿ, ಅಜ್ಜಿ ಎಲ್ಲವನ್ನೂ ಎತ್ತಿಕೊಂಡು ಎಡಕ್ಕೆ ಹೋದ. ‘ಹೊನ್ನಾಜಕ್ಕಂಗೆ ಗೊತ್ತಿಲ್ದೆ ಇರ್ತದಾ? ನಾವೇ ಇಷ್ಟ್ ದಿನ ತಪ್ ಜಾಗದಲ್ಲಿ ಇದ್ವಿ ಕಣಪ್ಪ’ ಎಂದ. ಅವನ ಹಿಂದೆ ಕುಂಬಾರಗೇರಿಯ ಇಪ್ಪತ್ತು ಮನೆಗಳೂ ಹೋದವು. ಗಂಜಿಮನೆಯಲ್ಲಿ ಮೂವತ್ತೆರಡರ ಲೆಕ್ಕಕ್ಕೆ ಎರಡು ಮುದ್ದೆ ಬೀಳುತ್ತಿತ್ತು. ಉರಿಸಲಾರದ ಮೈ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಅಕ್ಕ ರಾಗಿ ಮೂಟೆಯ ಹಾಗಾದಳು. ಸುಖ ಮೈಗೆ ಹತ್ತಿದೆ ಎಂದರು.

ಇದನ್ನೆಲ್ಲ ನೋಡಿ ನಾನು ನಗುತ್ತಿದ್ದೆ ಎಂದರೆ ನೀವು ನನ್ನನ್ನು ಕೆಟ್ಟವನೆಂದುಕೊಳ್ಳಬಹುದು. ನಕ್ಕದ್ದು ನಿಜ. ಇಡೀ ಊರನ್ನು ಒಬ್ಬಳ ನೆನಪಿಗೆ ಹೊಂದಿಸಿ ಜರುಗಿಸಿದ ಮನುಷ್ಯ ನಾನಲ್ಲದೆ ಇನ್ನಾರಿದ್ದಾರೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಮೂರನೆಯ ಮೂವತ್ತೆರಡರ ಮುಂದಿನ ಬೇಸಿಗೆಯಲ್ಲಿ ಈ ಜರುಗಾಟ ಜೌಗಿಗೂ ಬಂತು.

ಬೇಸಿಗೆಯಲ್ಲಿ ಜೌಗು ಮೊಣಕಾಲುದ್ದ ಕೆಸರಷ್ಟೇ, ಕಾಲು ತಪ್ಪಿದರೂ ಎದ್ದು ಬರಬಹುದು. ಅಕ್ಕ ಐದನೆಯ ಕಲ್ಲಿನ ಹತ್ತಿರ ನಿಂತು, ‘ಇದು ಇಲ್ಲಿರ್ಲಿಲ್ಲ, ಆ ಜೊಂಡಿನ ಬಲಕ್ಕಿತ್ತು’ ಎಂದಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲು ಜರುಗಿರಬೇಕು. ಬೂದಯ್ಯ ಹಾರೆ ತಂದು ಅದನ್ನು ಕಿತ್ತು, ಉರುಳಿಸಿ, ಅಕ್ಕ ತೋರಿಸಿದ ಜಾಗದಲ್ಲಿ ನೆಟ್ಟ. ಹದಿನೈದು ದಿನ ಬಿಟ್ಟು ಆರನೆಯದೂ ಜರುಗಿದೆ ಎಂದಳು. ಅದನ್ನು ದ್ಯಾವಮ್ಮ ಗಂಜಿಮನೆಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಸರಿ ಮಾಡಿದಳು. ಏಳನೆಯದರ ಸರದಿ ಬಂದಾಗ ನಾನೇ ಹೋದೆ. ಬೇರೆ ಯಾರಾದರೂ ಹೋಗಿ, ಕಲ್ಲಿನ ಬುಡದಲ್ಲಿ ನೂರು ವರ್ಷದ ಪಾಚಿ ನೋಡಿ, ಇದು ಜರುಗಿಲ್ಲವಲ್ಲ ಎಂದರೆ? ಒಬ್ಬನೇ ಹೋಗಿ, ಕಿತ್ತು, ಜರುಗಿಸಿ ಬಂದೆ. ಬಂದವನು ಸುಮ್ಮನಿರಲಿಲ್ಲ. ಆನೆಯಷ್ಟು ದೊಡ್ಡ ಕಲ್ಲು, ಒಂದೇ ಕೈಯಲ್ಲಿ ಎತ್ತಿ ಇನ್ನೂರು ಹೆಜ್ಜೆ ನಡೆದೆ ಎಂದೆ. ಒಂದು ಕಾಲಿನ ಚಪ್ಪಲಿ ಎಲ್ಲಿ ಎಂದು ಕೇಳಿದವರಿಗೆ, ಮೊಸಳೆ ಕಿತ್ತುಕೊಂಡಿತು, ನಾನು ಕಲ್ಲು ಹಿಡಿದೇ ಅದಕ್ಕೆ ಎರಡು ಬಿಟ್ಟೆ ಎಂದೆ. ವಾರ ಕಳೆಯುವುದರಲ್ಲಿ ಇನ್ನೂರು ಹೆಜ್ಜೆ ನಾನೂರಾಗಿತ್ತು, ಮೊಸಳೆಗೆ ಒಬ್ಬ ತಮ್ಮ ಹುಟ್ಟಿದ್ದ.

ಮಳೆ ಬಂತು, ಜೌಗು ತುಂಬಿತು, ದಾಟುವುದು ನಿಂತಿತು. ಮಳೆ ನಿಂತ ಮೇಲೆ ನಾಲ್ಕನೆಯ ಸಲ ಅಕ್ಕನ ಹುಬ್ಬಿಗೆ ಕಿವಿ ಇಟ್ಟೆ. ಮೇಲಿನ ಕೂಗಿಗೆ ನನ್ನ ಹಲ್ಲು ಜುಮ್ಮೆಂದಿತು. ಅಡಿಯ ದನಿಯನ್ನು ಹುಡುಕಬೇಕಾಯಿತು. ಕೂಗಿ ಕೂಗಿ ಬೇಗ ಸೊರಗಿ, ಅರವತ್ತೊಂದಿದ್ದದ್ದು ಇಷ್ಟರಲ್ಲೇ ಅರವತ್ತೆಂಟಾಗಿತ್ತು. ಇದ್ದಕ್ಕಿದ್ದಂತೆ ಅಕ್ಕ ಮೆಲ್ಲಗೆ, ‘ನೀನು ಯಾರ ಮಗನಪ್ಪ?’ ಎಂದಳು. ನಾನು ಕತ್ತೆತ್ತಿದೆ. ಅಷ್ಟರಲ್ಲಿ ಅವಳೇ ನಕ್ಕು, ‘ಗವಿ, ಸುಮ್ನೆ ಅಂದೆ ಕಣೋ’ ಎಂದಳು. ಸುಮ್ಮನೆ ಅಂದದ್ದಲ್ಲ. ಸಾಲಿನಲ್ಲಿ ಆರುನೂರು ಜನ ಕಾಯುತ್ತಿದ್ದರು. ಮೂವತ್ತೆರಡು ಎಂದು ಕೂಗಿದೆ. ಮಾರನೆಯ ಬೆಳಿಗ್ಗೆ ಮೊದಲ ಸಂತೆಗೆ ಹೊರಟವರ ಸಾಲಿನಲ್ಲಿ, ಯಾವತ್ತೂ ಸಂತೆಯ ಮುಖ ನೋಡದ ನಾನೂ ಹೋಗಿ ಅಕ್ಕನ ಹಿಂದೆ ನಿಂತೆ.

ಒಟ್ಟು ಹನ್ನೊಂದು ಜನ. ಮುಂದೆ ಅಕ್ಕ, ಅವಳ ಹಿಂದೆ ಕೈಯಲ್ಲೊಂದು ಬಿದಿರು ಗಳ ಹಿಡಿದು ನಾನು, ನನ್ನ ಹಿಂದೆ ದರ್ಜಿ ಪೀರಾಸಾಬಿ ಬಟ್ಟೆಯ ಗಂಟು ಹೊತ್ತು, ಆಮೇಲೆ ತಲೆಯ ಮೇಲೆ ಮಡಕೆಗಳ ಗೋಪುರ ಹೊತ್ತ ಬೂದಯ್ಯ, ಉಪ್ಪು ತರಲು ಹೊರಟ ದ್ಯಾವಮ್ಮ, ಉಳಿದವರು. ನಾಲ್ಕನೆಯ ಕಲ್ಲಿನವರೆಗೆ ಅಕ್ಕ ನಡೆದದ್ದು ನೋಡಬೇಕಿತ್ತು. ಆ ಭಾರದ ಮೈ ಹೊತ್ತುಕೊಂಡು ಬಾತುಕೋಳಿಯ ಹಾಗೆ ತೇಲಿಕೊಂಡು ಹೋದಳು. ನೀರು ಸೊಂಟದವರೆಗಿತ್ತು, ಅಡಿಯಲ್ಲಿ ನೆಲ ಕಲ್ಲಿನಷ್ಟು ಗಟ್ಟಿ. ನಾನೇ ತಪ್ಪು ಕೇಳಿಸಿಕೊಂಡಿರಬಹುದೇ ಎಂದು ಮೊದಲ ಬಾರಿಗೆ ನನ್ನ ಕಿವಿಯ ಮೇಲೆ ಅನುಮಾನ ಬಂತು, ಸಂತೋಷವೂ ಆಯಿತು. ನಾಲ್ಕನೆಯ ಕಲ್ಲು ದಾಟಿ ಅಕ್ಕ ಬಲಕ್ಕೆ, ಬೂದಯ್ಯ ನೆಟ್ಟ ಕಲ್ಲಿನ ಕಡೆಗೆ ತಿರುಗಿದಳು. ಹತ್ತು ಹೆಜ್ಜೆಗೆ ಎದೆಯವರೆಗೆ ಹೋದಳು. ನಾನು ಅವಳ ತೋಳು ಹಿಡಿದೆ. ನನ್ನ ಪಕ್ಕಕ್ಕೆ ಬಂದ ಪೀರಾಸಾಬಿ ಒಮ್ಮೆಗೇ ಕತ್ತಿನವರೆಗೆ ಇಳಿದುಹೋದ. ಅವನ ಗಂಟು ಬಿಚ್ಚಿ, ಊರಿನ ಹೆಂಗಸರ ಹೊಸ ರವಿಕೆಗಳನ್ನೆಲ್ಲ ತೋಳಿಗೆ ತೋಳು ಗಂಟು ಹಾಕಿ ಎಳೆದೆವು. ಬೂದಯ್ಯನ ಮಡಕೆಗಳು ಗುಳುಗುಳು ಎನ್ನುತ್ತ ತೇಲಿಹೋದವು. ಹೇಗೋ ಎಲ್ಲರೂ ನಾಲ್ಕನೆಯ ಕಲ್ಲಿಗೆ ಬಂದು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತೆವು. ಹಿಂದಿನ ದಾರಿ ಆಗಲೇ ಅಂಬಲಿ. ನಿಂತ ನೆಲ ಕಾಲ ಬೆರಳುಗಳ ನಡುವೆ ಮೆತ್ತಗಾಗುತ್ತಿತ್ತು.

‘ಜೌಗೇ ಜರುಗೈತೆ ಕಣ್ರಪ್ಪ’ ಎಂದ ಬೂದಯ್ಯ. ‘ಅಕ್ಕ, ಈಗ ಯಾವ ಕಡೀಕೆ?’

ಅಕ್ಕ ಬೆರಳು ಮಡಿಸಿ ಒಂದರಿಂದ ಎಣಿಸುತ್ತಿದ್ದಳು, ಐದಕ್ಕೆ ಬಂದು ಮತ್ತೆ ಒಂದರಿಂದ.

ಆಗ ನಾನು ಹೇಳಿದೆ. ‘ಜೌಗು ಜರುಗಿಲ್ಲ. ಅಕ್ಕಂಗೆ ಅರವತ್ತೆಂಟು. ನಾಲ್ಕು ವರ್ಷದಿಂದ ಸುಳ್ಳು ಹೇಳ್ತಾ ಬಂದಿದೀನಿ. ಅವಳು ಮರೆತವಳೆ.’

ಪೀರಾಸಾಬಿ, ಮೂಗಿನಿಂದ ಕೆಸರು ಸುರಿಯುತ್ತಿದ್ದವನು, ನಗತೊಡಗಿದ. ‘ಯಾ ಅಲ್ಲಾ, ಇಲ್ಲೂ ಶುರು ಮಾಡಿಬಿಟ್ಟ ಇವ್ನು’ ಎಂದ. ದ್ಯಾವಮ್ಮ, ‘ಅರವತ್ತೆಂಟಂತೆ. ಯಾಕೆ, ನೂರಾ ಅರವತ್ತೆಂಟು ಅನ್ಬಾರದಿತ್ತಾ? ಕೈ ಬಿಗಿ ಹಿಡಿದುಬಿಟ್ಟೆಯಲ್ಲ’ ಎಂದಳು. ಎಲ್ಲರೂ ನಕ್ಕರು. ಸೊಂಟ ಮುಳುಗಿದ ಜನ, ದಾರಿ ಕಾಣದ ಜನ, ನನ್ನ ಮಾತಿಗೆ ಬಿದ್ದು ಬಿದ್ದು ನಕ್ಕರು. ಕೇಳುವ ಕಟ್ಟೆಯಲ್ಲಿ ನಾನು ಕೂಗಿದ ಸುಳ್ಳಿನಲ್ಲಿ ಒಂದನ್ನೂ ನನ್ನೂರು ಅನುಮಾನಿಸಿದ್ದಿಲ್ಲ. ನಿಜ ಹೇಳುವ ಹೊತ್ತಿಗೆ ನಾನು ಸುಳ್ಳುಗಾರನಾಗಿದ್ದೆ. ದೇವರಾಣೆ ಎಂದೆ, ನಮ್ಮವ್ವನಾಣೆ ಎಂದೆ. ಆಣೆ ಹೆಚ್ಚಿದಷ್ಟೂ ನಗು ಹೆಚ್ಚಿತು.

ನಗು ನಿಲ್ಲಿಸಿದ್ದು ಅಕ್ಕ. ಎಣಿಸುತ್ತಿದ್ದ ಬೆರಳನ್ನು ಹಾಗೇ ಹಿಡಿದುಕೊಂಡು, ‘ಅವ್ನು ನಿಜ ಹೇಳ್ತಾವ್ನೆ’ ಎಂದಳು. ‘ಈ ಕಲ್ಲಿಂದ ಮುಂದಕ್ಕೆ ನಂಗೇನೂ ಇಲ್ಲ. ಹೋದ್ ವರ್ಷಾನೂ ಇರ್ಲಿಲ್ಲ. ಮೂವತ್ತೆರಡು ಅಂದ್ನಲ್ಲ, ಮರೆಯೋ ವಯಸ್ಸಲ್ಲ, ಕಲ್ಲೇ ಎಲ್ಲೋ ಹೋಗಿರ್ಬೇಕು ಅಂದ್ಕೊಂಡೆ.’ ಅವಳು ನನ್ನ ಕಡೆ ನೋಡಲಿಲ್ಲ. ‘ನಿನ್ನ ಕಿವೀನ ನಾನು ನನ್ನ ತಲೆಗಿಂತ ಹೆಚ್ಚಿಗೆ ನಂಬಿದ್ದೆ ಕಣೋ’ ಎಂದಳು.

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ, ಎಡಗಿವಿಯಲ್ಲಿ. ಆದರೆ ಆಗ ಅದನ್ನು ಕೇಳುತ್ತ ನಿಲ್ಲಲು ನೆಲವಿರಲಿಲ್ಲ. ಬೂದಯ್ಯನ ಮುಖ ಬೂದಿಯಾಗಿತ್ತು. ‘ಹಂಗಾದ್ರೆ ಕಲ್ಲು ಮೊದ್ಲಿದ್ದ ಜಾಗವೇ ಸರಿ ಇತ್ತಾ?’ ಎಂದ.

‘ಸರಿ ಇತ್ತು. ನೀನು ಎಲ್ಲಿಂದ ಕಿತ್ತೆ ಹೇಳು’ ಎಂದೆ.

ಬೂದಯ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡ. ‘ಈಗಿರೋ ಜಾಗದಿಂದ ಎಡಕ್ಕೆ ಹದಿನಾರು ಹೆಜ್ಜೆ. ಆವತ್ತು ಸೊಂಟ ಉಳುಕಿತ್ತು. ಒಂದೊಂದು ಹೆಜ್ಜೆಗೂ ನಿಮ್ಮಕ್ಕನ್ನ ಒಂದೊಂದು ಬೈದೆ. ಹದಿನಾರು ಬೈಗುಳ, ಒಂದು ಬೈದಿದ್ದು ಇನ್ನೊಂದ್ಸಲ ಬೈಲಿಲ್ಲ.’ ‘ನೆನಪೈತಾ?’ ಎಂದಳು ದ್ಯಾವಮ್ಮ. ‘ಬೈದಿದ್ದು ಮರೀತದಾ?’ ಎಂದ. ಅವನು ಕಲ್ಲನ್ನೇ ನೋಡುತ್ತ ಬಾಯೊಳಗೇ ಒಂದೊಂದೇ ಬೈಗುಳ ಎಣಿಸಿ, ಕೈ ಚಾಚಿ ಒಂದು ಜಾಗ ತೋರಿಸಿದ. ನಾನು ಗಳ ಚುಚ್ಚುತ್ತ ಆ ಕಡೆಗೆ ನಡೆದೆ. ನೆಲ ಗಟ್ಟಿಯಾಗಿತ್ತು. ಉಳಿದ ಹತ್ತು ಜನರೂ ರವಿಕೆಗಳ ಹಗ್ಗ ಹಿಡಿದು ಹಿಂದೆ ಬಂದರು. ಐದನೆಯ ತಿರುವಿನಲ್ಲಿ ನಿಂತು ದ್ಯಾವಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ‘ಕಲ್ಲು ಕೀಳುವಾಗ ನನ್ನ ಸೆರಗು ಅಲ್ಲೇ ಇದ್ದ ಜಾಲಿ ಮುಳ್ಳಿಗೆ ಸಿಕ್ಕಿ ಹರೀತು. ಅಗೋ, ಇನ್ನೂ ನೇತಾಡ್ತೈತೆ. ಒಳ್ಳೇ ಸೀರೆ’ ಎಂದಳು. ಹಳದಿ ಚಿಂದಿಯೊಂದು ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಆಡುತ್ತಿತ್ತು. ಆರನೆಯ ತಿರುವೂ ಸಿಕ್ಕಿತು.

ಉಳಿದದ್ದು ಏಳನೆಯದು, ನನ್ನದು. ಎಲ್ಲರೂ ನನ್ನ ಮುಖ ನೋಡಿದರು. ದೂರದಲ್ಲಿ ನಾನು ನೆಟ್ಟ ಕಲ್ಲು ಕಾಣುತ್ತಿತ್ತು. ನಿಜ ಹೇಳಬೇಕೆಂದರೆ, ಎಷ್ಟು ದೂರದಿಂದ ತಂದೆ ಎಂಬುದು ನನಗೆ ಗೊತ್ತಿರಲಿಲ್ಲ. ಇನ್ನೂರು ಎಂದು ಹೇಳಿದ್ದೆ, ನಾನೂರು ಎಂದು ಹೇಳಿದ್ದೆ. ಹೇಳಿ ಹೇಳಿ ಆ ಇನ್ನೂರು ಹೆಜ್ಜೆಗಳೂ ನನ್ನ ಕಣ್ಣ ಮುಂದೆ ಒಂದೊಂದಾಗಿ ಬರುತ್ತಿದ್ದವು, ಕೈಯಲ್ಲಿ ಆನೆಯಷ್ಟು ಕಲ್ಲಿನ ಭಾರವೂ ತಿಳಿಯುತ್ತಿತ್ತು, ಮೊಸಳೆಯ ಉಸಿರಿನ ವಾಸನೆ ಕೂಡ ಬರುತ್ತಿತ್ತು. ಆ ದಿನ ನಿಜವಾಗಿ ನಡೆದದ್ದನ್ನು ಹುಡುಕಿದರೆ, ಅಲ್ಲೆಲ್ಲ ನನ್ನ ಬಡಾಯಿಯೇ ಕಾಲು ಚಾಚಿಕೊಂಡು ಮಲಗಿತ್ತು. ಅಕ್ಕ ಮರೆತದ್ದು ಕಡಲೆ ಸೊರಗಿ. ನನ್ನ ಕಡಲೆಗೆ ಮೂವತ್ತೈದೂ ಆಗಿರಲಿಲ್ಲ.

‘ಬೇಗ ಹೇಳೋ ಮಾರಾಯ’ ಎಂದ ಪೀರಾಸಾಬಿ. ನೀರು ಅವನ ಪಕ್ಕೆಯವರೆಗೆ ಬಂದಿತ್ತು.

ಅಕ್ಕ ನನ್ನ ಪಾದದ ಕಡೆ, ನೀರಿನೊಳಗೆ, ನೋಡುತ್ತಿದ್ದಳು. ಅವಳ ಮುಖದಲ್ಲಿ ಹಳೆಯ ಸಿಟ್ಟು ಬಂತು, ನಾನು ಚಿಕ್ಕವನಿದ್ದಾಗಿನದು. ‘ಗವಿ, ಚಪ್ಪಲಿ ಎಲ್ಲಿ ಬಿಟ್ಟು ಬಂದೆ?’ ಎಂದಳು. ಯಾವತ್ತಿನ ಚಪ್ಪಲಿ ಕೇಳಿದಳೋ, ನಲವತ್ತು ಚಪ್ಪಲಿ ಕಳೆದವನು ನಾನು. ‘ಮೊಸಳೆ ತಿಂತು ಅಂತೀಯ, ನಂಗೊತ್ತು. ನಿನ್ನ ಚಪ್ಪಲೀನ ಮೊಸಳೆ ಮೂಸೂ ನೋಡಲ್ಲ. ಎಲ್ಲಿ ಬಿಟ್ಟೆ ಹೇಳು.’

ಹಾಗೆ ಗದರಿಸಿದರೆ ನನಗೆ ಇವತ್ತಿಗೂ ಸುಳ್ಳು ಹೊರಡುವುದಿಲ್ಲ. ‘ಗುಂಡಿಯಲ್ಲಿ’ ಎಂದೆ. ಎಂದ ಮೇಲೆ ನೆನಪಾಯಿತು. ಯಾರಿಗೂ ಹೇಳಿರದ ಭಾಗವಾದ್ದರಿಂದ ಅದು ಹಾಗೇ ಉಳಿದಿತ್ತು, ಮುಟ್ಟದೆ ಇಟ್ಟ ಹೊಸ ಪಂಚೆಯ ಹಾಗೆ. ಕಲ್ಲು ಮಿಸುಕದೆ ನಾನು ಎರಡು ಗಳಿಗೆ ತಿಣುಕಿದ್ದು. ಅದು ಕಿತ್ತು ಬಂದಾಗ ಅದು ಬಿಟ್ಟ ಗುಂಡಿಗೆ ಮೊಣಕಾಲವರೆಗೆ ಬಿದ್ದದ್ದು. ಕಾಲು ಎಳೆದರೆ ಚಪ್ಪಲಿ ಅಲ್ಲೇ ಉಳಿದದ್ದು. ‘ಒಂಬತ್ತು ಹೆಜ್ಜೆ’ ಎಂದೆ. ‘ಈಗಿರೋ ಜಾಗದಿಂದ ಈ ಕಡೀಗೆ ಒಂಬತ್ತೇ ಹೆಜ್ಜೆ. ಎತ್ತಲಿಲ್ಲ, ಉರುಳಿಸ್ಕೊಂಡು ಹೋದೆ. ಕುರಿಮರಿಯಷ್ಟಿತ್ತು ಕಲ್ಲು. ನಾಲ್ಕು ಸಲ ಕೂತು ಸುಧಾರಿಸ್ಕೊಂಡೆ.’

‘ಅತ್ತೆಯಾ?’ ಎಂದಳು ದ್ಯಾವಮ್ಮ.

‘ಸ್ವಲ್ಪ.’

ಬೂದಯ್ಯ ಉಳಿದವರ ಕಡೆ ತಿರುಗಿದ. ‘ಗವಿಯಪ್ಪ ಇಷ್ಟು ಕಡಿಮೆ ಹೇಳ್ತಾವ್ನೆ ಅಂದ್ರೆ ನಿಜಾನೇ ಇರ್ಬೇಕು, ನಡೀರಿ’ ಎಂದ. ಕಲ್ಲಿನಿಂದ ಈಚೆಗೆ ಕಣ್ಣಲ್ಲೇ ಒಂಬತ್ತು ಹೆಜ್ಜೆ ಅಳೆದು, ಆ ಜಾಗಕ್ಕೆ ನೇರವಾಗಿ ನಡೆದೆ. ಗಳ ಚುಚ್ಚಿದರೆ ಗಟ್ಟಿ, ಗಟ್ಟಿ, ಗಟ್ಟಿ, ಆಮೇಲೆ ಒಂದು ಗುಂಡಿ. ಗಳವನ್ನು ಒಳಗೆ ತಿರುವಿ ಎತ್ತಿದೆ. ತುದಿಯಲ್ಲಿ ಕೆಸರು ಸುರಿಯುತ್ತ ನನ್ನ ಎಡಗಾಲಿನ ಚಪ್ಪಲಿ ನೇತಾಡುತ್ತಿತ್ತು. ಯಾವ ಮೊಸಳೆಯ ಹಲ್ಲಿನ ಗುರುತೂ ಅದರ ಮೇಲೆ ಇರಲಿಲ್ಲ. ಹತ್ತು ಜನ ಅದನ್ನು ನೋಡಿದರು. ಅಲ್ಲಿಂದ ಆಚೆ ದಡ ಮೂವತ್ತು ಹೆಜ್ಜೆ.

ಆಮೇಲೆ ಕಲ್ಲುಗಳನ್ನು ಮೊದಲಿದ್ದ ಜಾಗಕ್ಕೆ ಜರುಗಿಸಿದೆವು. ಏಳನೆಯದನ್ನು ನಾನೇ ಜರುಗಿಸಬೇಕೆಂದು ಊರು ತೀರ್ಮಾನ ಮಾಡಿತು, ಎಲ್ಲರೂ ದಡದಲ್ಲಿ ಕೂತು ನಾನು ಎಷ್ಟು ಸಲ ಕೂರುತ್ತೇನೆ ಎಂದು ಎಣಿಸಿದರು. ದಾರಿ ಈಗ ದ್ಯಾವಮ್ಮನದು. ಮೊದಲ ನಾಲ್ಕು ಕಲ್ಲು ಅಕ್ಕನೇ ಕಲಿಸಿದಳು, ಒಂದೊಂದು ದಿನ ಬಹಳ ಚೆನ್ನಾಗಿ ಕಲಿಸಿದಳು. ಸೋಮವಾರದ ಲೆಕ್ಕ ಸರಿಹೋಯಿತು. ಕುಂಬಾರರು ಮಾತ್ರ ಎಡಕ್ಕೇ ಉಳಿದರು, ಅಲ್ಲಿಯ ಮಣ್ಣು ವಾಸಿಯಂತೆ. ಕೇಳುವ ಕಟ್ಟೆಯಲ್ಲಿ ಈಗ ನಾನು ಒಬ್ಬನೇ ಕೂರುವಂತಿಲ್ಲ. ಪೀರಾಸಾಬಿ ಪಕ್ಕದಲ್ಲಿ ಕೂತು, ನಾನು ಕೇಳಿದ ಹುಬ್ಬಿಗೇ ಇನ್ನೊಮ್ಮೆ ಕಿವಿ ಇಡುತ್ತಾನೆ. ಅವನಿಗೆ ಏನೂ ಕೇಳಿಸುವುದಿಲ್ಲ, ಆದರೆ ಅವನು ನನ್ನ ಮುಖ ನೋಡುವ ರೀತಿಗೆ ನಾನು ನಿಜ ಹೇಳುತ್ತೇನೆ.

ಅಕ್ಕನಿಗೆ ಈಗ ಅರ್ಧ ಮುದ್ದೆ, ಮಜ್ಜಿಗೆ. ಮೈ ಹಗುರಾಗಿದೆ. ದಿನಾ ಬೆಳಿಗ್ಗೆ ಕಟ್ಟೆಗೆ ಹೋಗಿ ಅವಳ ಪಕ್ಕ ಕೂತು ಹುಬ್ಬಿನ ನಡುವೆ ಕಿವಿ ಇಡುತ್ತೇನೆ. ಕಟ್ಟಳೆಯಲ್ಲ, ನನಗಾಗಿ. ಕೂಗು ಕಡಿಮೆಯಾಗಿಲ್ಲ. ನಿನ್ನೆ ಅವಳು ತನ್ನ ಪಕ್ಕ ಕೂತಿದ್ದ ಹೆಂಗಸಿಗೆ ನನ್ನನ್ನು ತೋರಿಸಿ, ‘ಇವ್ನು ನಮ್ ಗವಿ. ಒಂದ್ಸಲ ಆನೆಯಷ್ಟು ಕಲ್ಲು ಒಂದೇ ಕೈಯಲ್ಲಿ ಎತ್ಕೊಂಡು ಇನ್ನೂರು ಹೆಜ್ಜೆ ಹೋಗಿದ್ದ. ಮೊಸಳೆ ಬಂದು ಇವನ ಚಪ್ಪಲಿ ಕಿತ್ಕೊಂಡಿತ್ತು’ ಎಂದಳು. ಏಳು ಕಲ್ಲುಗಳು ಹೋಗಿವೆ, ದಾಟಿಸಿದ ದಿಬ್ಬಣಗಳು ಹೋಗಿವೆ, ನಮ್ಮವ್ವನ ಹೆಸರು ಹೋಗಿದೆ. ಅದಿಷ್ಟು ಉಳಿದಿದೆ.

‘ಇಲ್ಲ ಅಕ್ಕ’ ಎಂದೆ. ‘ಕುರಿಮರಿಯಷ್ಟು ಕಲ್ಲು, ಒಂಬತ್ತು ಹೆಜ್ಜೆ. ಚಪ್ಪಲಿ ಕೆಸರಲ್ಲಿ ಸಿಕ್ಕೊಂಡಿತ್ತು.’

ಅಕ್ಕ ನನ್ನ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. ‘ಹೋಗೋ’ ಎಂದಳು. ‘ಬಡಾಯಿ ಕೊಚ್ಕೋಬೇಡ.’